ಮುರಿಯುವ ಮೊದಲೇ ಹೇಳಬೇಕಾದ ಕೆಲಸ

ಈಚೆಗೆ ನಮ್ಮ ಬೀದಿಯ ಹುಡುಗಿಯೊಬ್ಬಳು ಸಿಹಿ ಹಿಡಿದುಕೊಂಡು ಮನೆಗೆ ಬಂದಳು. ವೇಮಗಲ್ ಕೈಗಾರಿಕಾ ಪ್ರದೇಶದಲ್ಲಿ ನಾನು ನಿವೃತ್ತಿಯವರೆಗೂ ದುಡಿದ ಲ್ಯಾಬಿನಲ್ಲೇ ಅವಳಿಗೆ ಕೆಲಸ ಸಿಕ್ಕಿತ್ತು. ‘ಅಲ್ಲಿ ಏನ್ ಮಾಡ್ಬೇಕು ಆಂಟಿ? ಎಲ್ಲಾ ಕಂಪ್ಯೂಟರೇ ಹೇಳ್ಬಿಡುತ್ತಂತೆ’ ಅಂದಳು. ಒಳ್ಳೆಯ ಕೆಲಸ, ಶ್ರದ್ಧೆಯಿಂದ ಮಾಡು ಎಂದಷ್ಟೇ ಹೇಳಿ, ಕಾಫಿ ಕೊಟ್ಟು ಕಳಿಸಿದೆ. ಅವಳು ಹೋದ ಮೇಲೆ ಸಮಾಧಾನವಾಗಲಿಲ್ಲ. ಆ ಕೆಲಸಕ್ಕೆ ಸೇರುವವರಿಗೆ ಹೇಳಬೇಕಾದದ್ದು ಅಷ್ಟು ಮಾತ್ರವಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಪದ್ಮಾವತಿ. ಊರು ಶ್ರೀನಿವಾಸಪುರ. ಕೆಮಿಸ್ಟ್ರಿ ಓದಿದವಳು ಎಣ್ಣೆ ನೋಡುವ ಕೆಲಸಕ್ಕೆ ಸೇರಿದೆ. ಸೇನೆಯ ಲಾರಿಗಳ ಎಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್ ಬಾಕ್ಸುಗಳಿಂದ ತೆಗೆದ ಹಳೆಯ ಎಣ್ಣೆ ಸಣ್ಣ ಬಾಟಲಿಗಳಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ಲೋಹದ ಮೇಲೆ ಲೋಹ ಉಜ್ಜಿದಾಗ ಕಣ್ಣಿಗೆ ಕಾಣದ ಪುಡಿ ಎಣ್ಣೆಯಲ್ಲಿ ಸೇರುತ್ತದೆ. ಆ ಎಣ್ಣೆಯ ಒಂದೆರಡು ಹನಿಯನ್ನು ಯಂತ್ರದಲ್ಲಿ ಸುಟ್ಟರೆ, ಹೊಮ್ಮುವ ಬೆಳಕಿನಿಂದ ಅದರಲ್ಲಿ ಎಷ್ಟು ಕಬ್ಬಿಣವಿದೆ, ಎಷ್ಟು ತಾಮ್ರವಿದೆ, ಎಷ್ಟು ಮರಳಿದೆ ಎಂಬುದು ತಿಳಿಯುತ್ತದೆ. ಕಬ್ಬಿಣ ಏರುತ್ತಿದ್ದರೆ ಗೇರಿನ ಹಲ್ಲು ಸವೆಯುತ್ತಿದೆ ಎಂದರ್ಥ. ಎಷ್ಟು ಬೇಗ ಏರುತ್ತಿದೆ ಎಂದು ನೋಡಿ, ಆ ಭಾಗ ಯಾವಾಗ ಕೈಕೊಡಬಹುದು ಎಂದು ನಾವು ಹೇಳಬೇಕು. ಆ ಲಾರಿಯನ್ನು ನಾವು ಎಂದೂ ನೋಡಿರುವುದಿಲ್ಲ. ಅದು ಯಾವುದೋ ಹಿಮದ ಘಟ್ಟದಲ್ಲೋ ರಾಜಸ್ಥಾನದ ಮರಳಿನಲ್ಲೋ ಇರುತ್ತದೆ.

ನೆಂಟರ ಮನೆಗೆ ಹೋದರೆ ‘ಪದ್ಮ ಮಿಲಿಟರಿ ಲಾರಿಗಳಿಗೆ ಜಾತಕ ನೋಡ್ತಾಳೆ’ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನನಗೆ ಕೆಲಸ ಕಲಿಸಿದವರು ಲ್ಯಾಬಿನ ಮುಖ್ಯಸ್ಥರಾಗಿದ್ದ ಶ್ರೀಕಂಠಯ್ಯನವರು. ತೆಳ್ಳಗಿನ ಮನುಷ್ಯ, ಕೋಪ ಬಂದರೆ ಧ್ವನಿ ಇನ್ನೂ ತಗ್ಗುತ್ತಿತ್ತು. ಅವರ ಹತ್ತಿರ ಮೂರೇ ಮಾತಿಗೆ ಜಾಗ: ಓಡಿಸಿ, ಗಮನಿಸಿ, ನಿಲ್ಲಿಸಿ. ಸೇರಿದ ಹೊಸತರಲ್ಲಿ ನಾನು ‘ಬಹುಶಃ ಗೇರ್‌ಬಾಕ್ಸ್ ಬದಲಿಸಬೇಕಾಗಬಹುದು’ ಎಂದು ಬರೆದುಕೊಂಡು ಹೋದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು.

‘ಬಹುಶಃ ಅಂದ್ರೆ ಆ ಕಡೆ ಇರೋ ಮೇಜರು ಏನ್ ಮಾಡ್ಬೇಕಮ್ಮ? ಬಹುಶಃ ಓಡಿಸ್ಬೇಕಾ?’

‘ಖಚಿತವಾಗಿ ಹೇಳೋಕಾಗಲ್ಲ ಸಾರ್.’

‘ಯಾರಿಗೂ ಆಗಲ್ಲ. ಅದಕ್ಕೇ ನಮಗೆ ಸಂಬಳ ಕೊಡೋದು.’

ಅವರ ಕಾಲದಲ್ಲೇ ಒಮ್ಮೆ ಇಡೀ ಲ್ಯಾಬು ಮುಗ್ಗರಿಸಿತು. ಗಡಿಯ ಒಂದು ಠಾಣ್ಯದಿಂದ ಬಂದ ಬಾಟಲಿಗಳಲ್ಲೆಲ್ಲ ಮರಳಿನ ಅಂಶ ವಿಪರೀತ ಏರಿತ್ತು. ಎಂಜಿನ್ನುಗಳು ಧೂಳು ಕುಡಿಯುತ್ತಿವೆ, ಏರ್ ಫಿಲ್ಟರುಗಳೆಲ್ಲ ಕೆಟ್ಟಿವೆ ಎಂದು ತೀರ್ಮಾನಿಸಿ ಎಲ್ಲ ಲಾರಿಗಳಿಗೂ ‘ನಿಲ್ಲಿಸಿ’ ಎಂದು ಕಳಿಸಿದೆವು. ಲಾರಿಗಳು ನಿಂತವು. ಎಂಜಿನ್ ಬಿಚ್ಚಿ ನೋಡಿದರೆ ಒಳಗೆಲ್ಲ ಕನ್ನಡಿಯಂತೆ ಹೊಳೆಯುತ್ತಿದೆ ಎಂದು ಅಲ್ಲಿಂದ ಫೋನು ಬಂತು. ಶ್ರೀಕಂಠಯ್ಯನವರು ‘ಎಣ್ಣೆ ಬೇಡ, ಖಾಲಿ ಬಾಟಲಿ ಕಳಿಸೋಕೆ ಹೇಳಿ’ ಅಂದರು. ಖಾಲಿ ಬಾಟಲಿಗೆ ಹೊಸ ಎಣ್ಣೆ ಹುಯ್ದು ನೋಡಿದರೂ ಮರಳು ಅಷ್ಟೇ ಇತ್ತು. ಅಲ್ಲಿಯ ಸಿಪಾಯಿಗಳು ಬಾಟಲಿ ಶುಚಿಯಾಗಿರಲಿ ಎಂದು ಹೊಳೆಯಲ್ಲಿ ತೊಳೆದು, ಮರಳಿನ ಮೇಲೆ ಬೋರಲು ಹಾಕಿ ಒಣಗಿಸಿದ್ದರು.

ಲ್ಯಾಬಿನಲ್ಲಿ ಒಬ್ಬಿಬ್ಬರು ನಕ್ಕರು. ಶ್ರೀಕಂಠಯ್ಯನವರು ನಗಲಿಲ್ಲ. ಲಾರಿಗಳು ನಿಂತಿದ್ದಾಗ ಮೇಲಿನ ಚೌಕಿಗೆ ಸೀಮೆಎಣ್ಣೆ, ಅಕ್ಕಿಬೇಳೆಯನ್ನು ಹೆಗಲ ಮೇಲೆ ಹೊತ್ತು ಸಾಗಿಸಿದ್ದರಂತೆ. ಹೊತ್ತವರಲ್ಲಿ ಒಬ್ಬ ಹಿಮದಲ್ಲಿ ಸಿಕ್ಕಿ ಕಾಲ್ಬೆರಳುಗಳನ್ನು ಕಳೆದುಕೊಂಡ. ಆ ಸುದ್ದಿ ಬಂದ ದಿನ ಅವರು ನಮ್ಮೆಲ್ಲರನ್ನೂ ಕೂರಿಸಿಕೊಂಡು ಹೇಳಿದರು: ‘ನಿಲ್ಲಿಸಿ ಅಂದ್ರೆ ಯಾರಿಗೂ ತೊಂದ್ರೆ ಇಲ್ಲ ಅಂತ ತಿಳ್ಕೊಂಡಿದ್ರಿ. ಗಾಡಿ ಮಾಡೋ ಕೆಲಸಾನ ಆಮೇಲೆ ಮನುಷ್ಯ ಮಾಡ್ತಾನೆ. ನೆನಪಿರ್ಲಿ.’

ಹೊಸಬರೇ, ಇದು ಮೊದಲು ತಿಳಿಯಬೇಕಾದ ಸಂಗತಿ. ಓಡಿಸಿ ಎಂದು ತಪ್ಪಿದರೂ ಪೆಟ್ಟು, ನಿಲ್ಲಿಸಿ ಎಂದು ತಪ್ಪಿದರೂ ಪೆಟ್ಟು. ಎರಡೂ ಬೀಳುವುದು ನಮಗಲ್ಲ.

ಆ ಘಟನೆಯ ನಂತರ ಲ್ಯಾಬಿಗೆ ಸೇನೆಯಲ್ಲಿ ದುಡಿದು ಬಂದವರೊಬ್ಬರು ಬೇಕು ಎಂದು ಶ್ರೀಕಂಠಯ್ಯನವರು ಹಟ ಹಿಡಿದರು. ಹಾಗೆ ಬಂದವರು ಮುಳಬಾಗಿಲು ತಾಲ್ಲೂಕಿನ ಸುಬೇದಾರ್ ಮುನಿವೆಂಕಟಪ್ಪ. ಕುರುಡುಮಲೆಯ ಹತ್ತಿರದ ಹಳ್ಳಿ ಅವರದು. ಸೇನೆಯಲ್ಲಿ ಕೆಟ್ಟ ಗಾಡಿಗಳನ್ನು ಕಮರಿಯಿಂದ ಎಳೆದು ತರುವ ದಳದಲ್ಲಿದ್ದವರು. ಒಂದು ಕಿವಿ ಕೇಳುತ್ತಿರಲಿಲ್ಲ. ಆ ಕೆಲಸದ ಬಗ್ಗೆ ಕೇಳಿದರೆ ‘ಗಾಡಿ ಜತೆ ಇನ್ನೇನೇನೋ ಎಳ್ಕೊಂಡ್ ಬರ್ಬೇಕಾಗಿತ್ತಮ್ಮ’ ಎಂದು ಮಾತು ಮುಗಿಸುತ್ತಿದ್ದರು.

ನಾವು ‘ನಿಲ್ಲಿಸಿ’ ಎಂದ ಮೇಲೆ ಗಾಡಿಯಿಂದ ಬಿಚ್ಚಿದ ಭಾಗಗಳಲ್ಲಿ ಕೆಲವು ನಮ್ಮಲ್ಲಿಗೆ ಬರುತ್ತಿದ್ದವು. ಅವನ್ನು ತೆರೆದು, ನಮ್ಮ ಮಾತು ಎಷ್ಟು ನಿಜವಾಗಿತ್ತು ಎಂದು ನೋಡುವುದು ಮುನಿವೆಂಕಟಪ್ಪನವರ ಕೆಲಸ. ಹೆಚ್ಚಾಗಿ ಬರುತ್ತಿದ್ದದ್ದು ಸ್ಟೀರಿಂಗ್ ಬಾಕ್ಸುಗಳು. ಡ್ರೈವರ್ ಚಕ್ರ ತಿರುಗಿಸಿದರೆ ಆ ತಿರುವನ್ನು ಮುಂದಿನ ಗಾಲಿಗಳಿಗೆ ದಾಟಿಸುವ ಉಕ್ಕಿನ ಹಲ್ಲುಗಳು ಅದರೊಳಗಿರುತ್ತವೆ. ತೆರೆದಾಗ ಹಲ್ಲುಗಳ ಮೇಲೆ ಸಿಡುಬಿನ ಕಲೆಯಂತೆ ಗುಳಿ ಬಿದ್ದಿರುತ್ತಿತ್ತು. ಆದರೆ ಮುರಿದಿರುತ್ತಿರಲಿಲ್ಲ. ಮುರಿಯುವ ಮೊದಲೇ ತೆಗೆಸುತ್ತಿದ್ದೆವಲ್ಲ.

ಇದೇ ಆಮೇಲೆ ನಮಗೆ ತಿರುಗುಬಾಣವಾಯಿತು.

ಶ್ರೀಕಂಠಯ್ಯನವರು ನಿವೃತ್ತರಾಗಿ ಜಯಪ್ರಕಾಶ್ ಎಂಬುವರು ಬಂದರು. ಅದೇ ಹೊತ್ತಿಗೆ ಕೆಲಸದ ರೀತಿಯೂ ಬದಲಾಯಿತು. ಹೊಸ ಗಾಡಿಗಳ ಎಂಜಿನ್ನಿಗೆ, ಗೇರ್‌ಬಾಕ್ಸಿಗೆ ಸೆನ್ಸರ್ ಬಂದವು. ಬಿಸಿ ಎಷ್ಟು, ನಡುಕ ಎಷ್ಟು ಎಂಬುದೆಲ್ಲ ತಾನೇ ದಾಖಲಾಗಿ ಬರುತ್ತಿತ್ತು. ಅದನ್ನೂ ನಮ್ಮ ಹಳೆಯ ಎಣ್ಣೆ ಪರೀಕ್ಷೆಗಳನ್ನೂ ಒಟ್ಟು ಸೇರಿಸಿ ಯಾವ ಭಾಗ ಎಷ್ಟು ಓಡುತ್ತದೆ ಎಂದು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಲು ಫಯಾಜ್ ಎಂಬ ಎಂಜಿನಿಯರ್ ಬಂದ. ಕೋಲಾರದವನೇ. ಅವನ ತಂದೆಗೆ ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ರೇಡಿಯೇಟರ್ ಬೆಸುಗೆಯ ಅಂಗಡಿ ಇತ್ತು. ಮನೆಯಲ್ಲಿ ದಖನಿ, ನಮ್ಮೊಡನೆ ಅಚ್ಚ ಕೋಲಾರದ ಕನ್ನಡ. ಬುದ್ಧಿವಂತ, ಕೇಳಿಸಿಕೊಳ್ಳುವ ತಾಳ್ಮೆಯೂ ಇದ್ದವನು. ಅವನ ಲೆಕ್ಕ ಎಂಜಿನ್ನುಗಳ ವಿಷಯದಲ್ಲಿ ನಮಗಿಂತ ಚೆನ್ನಾಗಿಯೇ ಹೇಳುತ್ತಿತ್ತು. ಅದನ್ನು ಒಪ್ಪದಿದ್ದರೆ ಸುಳ್ಳಾಗುತ್ತದೆ. ನಮ್ಮ ಕಣ್ಣಿಗೆ ಬೀಳದಿದ್ದ ಎಷ್ಟೋ ಎಂಜಿನ್ನುಗಳನ್ನು ಅವನು ಹಿಡಿದುಕೊಟ್ಟ.

ಸ್ಟೀರಿಂಗ್ ಬಾಕ್ಸಿಗೆ ಮಾತ್ರ ಸೆನ್ಸರ್ ಇರಲಿಲ್ಲ. ಅದಕ್ಕೆ ಬಾಟಲಿಯೇ ಗತಿ. ಒಂದು ಸಭೆಯಲ್ಲಿ ಜಯಪ್ರಕಾಶ್ ಅವರು ಕೇಳಿದರು: ‘ಇಷ್ಟು ವರ್ಷದಲ್ಲಿ ಈ ಲಾರಿಗಳ ಸ್ಟೀರಿಂಗ್ ಬಾಕ್ಸ್ ಮುರಿದಿರೋದೇ ಇಲ್ಲ. ಕಂಪ್ಯೂಟರೂ ಅದನ್ನೇ ಹೇಳ್ತಿದೆ. ಮತ್ಯಾಕೆ ಇಷ್ಟು ಬೇಗ ಬಿಚ್ಚಿಸ್ತೀವಿ, ಬಾಟಲಿ ತರಿಸ್ತೀವಿ?’

ಉತ್ತರ ಕೊಟ್ಟವನು ಫಯಾಜ್. ತನ್ನ ಲೆಕ್ಕದಲ್ಲಿ ತಾನೇ ತಪ್ಪು ತೋರಿಸಿದ.

‘ಸಾರ್, ಮುರಿಯೋಕೆ ಮುಂಚೆ ಬಿಚ್ಚಿದಾರೆ, ಅದಕ್ಕೇ ಮುರಿದಿಲ್ಲ. ನನ್ನ ಪ್ರೋಗ್ರಾಂ ಮುರಿದಿರೋ ಬಾಕ್ಸನ್ನ ಒಂದೂ ನೋಡೇ ಇಲ್ಲ. ನೋಡ್ದೇ ಇರೋದ್ರಿಂದ, ಮುರಿಯೋದೇ ಇಲ್ಲ ಅಂತ ಅಂದ್ಕೊಂಡಿದೆ. ಇದನ್ನ ನಂಬ್ಬೇಡಿ.’

ಜಯಪ್ರಕಾಶ್ ಹಟಮಾರಿಯಲ್ಲ. ಯೋಚಿಸಿ ಒಂದು ದಾರಿ ಹುಡುಕಿದರು. ಬೆಟ್ಟದ ರಸ್ತೆಯಲ್ಲಿ ಓಡುವ ಲಾರಿಗಳಿಗೆ ಮೊದಲಿನಂತೆಯೇ ಬಾಟಲಿ, ಬಾಕ್ಸ್ ಬಿಚ್ಚಿಸಲು ಮೊದಲಿನ ಗಡುವು. ಬಯಲುಸೀಮೆಯಲ್ಲಿ ನೇರ ರಸ್ತೆಯಲ್ಲಿ ಓಡುವವಕ್ಕೆ ಬಾಟಲಿ ನಿಲ್ಲಿಸಿ ಗಡುವು ಹೆಚ್ಚಿಸುವುದು. ನೇರ ರಸ್ತೆಯಲ್ಲಿ ಸ್ಟೀರಿಂಗಿಗೆ ಕೆಲಸ ಕಡಿಮೆ. ಫಯಾಜ್ ಒಪ್ಪಿದ, ನಾನು ಒಪ್ಪಿದೆ, ಮುನಿವೆಂಕಟಪ್ಪನವರೂ ತಲೆಯಾಡಿಸಿದರು. ನ್ಯಾಯವಾದ ತೀರ್ಮಾನವೆಂದೇ ಎಲ್ಲರಿಗೂ ಅನ್ನಿಸಿತು. ಬಯಲಿನ ಲಾರಿ ನಾಳೆ ಬೆಟ್ಟಕ್ಕೆ ಹೋದರೆ ಏನು ಗತಿ ಎಂಬುದು ಆ ಕೋಣೆಯಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಬಯಲಿನ ತುಕಡಿಯೊಂದನ್ನು ಅದರ ಲಾರಿಗಳ ಸಮೇತ ಬೆಟ್ಟಕ್ಕೆ ಕಳಿಸಿದರು. ಲಾರಿಗಳ ಜೊತೆ ಬಯಲಿನ ಗಡುವೂ ಹೋಯಿತು. ಅವುಗಳಲ್ಲಿ ಒಂದು ಲಾರಿ, ಇಳಿಜಾರಿನ ತಿರುವಿನಲ್ಲಿ ತಿರುಗದೆ ನೇರವಾಗಿ ರಸ್ತೆಯ ಅಂಚು ದಾಟಿತು. ಕೆಳಗೆ ಒಂದು ಬಂಡೆಗೆ ಬಡಿದು ನಿಂತಿತು. ಕಮರಿಯ ಕಡೆಗೆ ಕುಳಿತಿದ್ದ ಜೊತೆ ಡ್ರೈವರ್ ರೆಡ್ಡೆಪ್ಪ ಅಲ್ಲೇ ತೀರಿಕೊಂಡ. ಓಡಿಸುತ್ತಿದ್ದ ಮಂಜುನಾಥನ ಬಲಗೈ ಜಜ್ಜಿಹೋಯಿತು.

ಇವು ಯಾವುವೂ ಆಗ ನಮಗೆ ಗೊತ್ತಿರಲಿಲ್ಲ. ನಮಗೆ ಬಂದದ್ದು ಮರದ ಪೆಟ್ಟಿಗೆಯಲ್ಲಿ ಒಂದು ಸ್ಟೀರಿಂಗ್ ಬಾಕ್ಸ್. ಅಪಘಾತದ ವಿಚಾರಣೆ ನಡೆಯುತ್ತಿದೆ, ತೆರೆದು ನೋಡಿ ಅಭಿಪ್ರಾಯ ಕೊಡಿ ಎಂದಿತ್ತು. ಡ್ರೈವರ್ ತೂಕಡಿಸಿದ್ದಾನೆಂಬ ಅನುಮಾನವಿದೆ ಎಂದು ತಂದುಕೊಟ್ಟ ಹವಾಲ್ದಾರ್ ಹೇಳಿದ. ಡ್ರೈವರ್ ಯಾರು ಎಂದು ಮುನಿವೆಂಕಟಪ್ಪ ಕೇಳಿದರು.

‘ಆಪ್ಕೇ ತರಫ್ ಕಾ ಹೈ ಸಾಬ್. ಮಾಲೂರ್ ಕೇ ಪಾಸ್, ಟೇಕಲ್.’

ನಿಮ್ಮ ಕಡೆಯವನೇ ಎಂಬ ಮಾತು ಕೇಳಿ ಮುನಿವೆಂಕಟಪ್ಪ ಸ್ಪ್ಯಾನರ್ ಕೆಳಗಿಟ್ಟು, ಮತ್ತೆ ಎತ್ತಿಕೊಂಡರು.

ಬಾಕ್ಸ್ ತೆರೆದಾಗ ಹೆಚ್ಚು ಹುಡುಕಬೇಕಾಗಲಿಲ್ಲ. ಒಂದು ಹಲ್ಲು ಬುಡದಿಂದ ಮುರಿದು ಉಳಿದ ಹಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ಅದು ಸಿಕ್ಕಿದ ಮೇಲೆ ಎಂಥ ಬಲಶಾಲಿಯೂ ಸ್ಟೀರಿಂಗ್ ತಿರುಗಿಸಲಾರ. ಲಾರಿ ಬಿದ್ದ ಪೆಟ್ಟಿಗೆ ಹಲ್ಲು ಮುರಿದಿರಬಹುದಲ್ಲ ಎಂದು ಕೇಳುವವರಿರುತ್ತಾರೆ. ಒಂದೇ ಪೆಟ್ಟಿಗೆ ಮುರಿದ ಉಕ್ಕು ಪೂರ್ತಿ ಬೆಳ್ಳಗೆ, ಸಕ್ಕರೆ ಹರಳಿನಂತೆ ಮಿನುಗುತ್ತದೆ. ಈ ಹಲ್ಲಿನ ಮುರಿದ ಮೈ ಅಂಚಿನಲ್ಲಿ ಮಾತ್ರ ಹಾಗಿತ್ತು. ಮಿಕ್ಕದ್ದೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ಎಂದರೆ ಬಿರುಕು ಬಹಳ ಹಿಂದೆಯೇ ಹುಟ್ಟಿ, ಪ್ರತಿ ತಿರುವಿನಲ್ಲೂ ಕೂದಲೆಳೆಯಷ್ಟು ಬೆಳೆದು, ಕೊನೆಗೆ ಹಿಡಿದುಕೊಳ್ಳಲು ಅಂಚು ಮಾತ್ರ ಉಳಿದಿತ್ತು. ಬಾಕ್ಸಿನ ತಳದಲ್ಲಿದ್ದ ಎಣ್ಣೆಯನ್ನು ನಾನು ಪರೀಕ್ಷೆಗೆ ಹಾಕಿದೆ. ಕಬ್ಬಿಣ ಅಷ್ಟು ಏರಿದ್ದನ್ನು ನನ್ನ ಕೆಲಸದಲ್ಲಿ ನಾನು ಕಂಡಿರಲಿಲ್ಲ. ಬೆಟ್ಟಕ್ಕೆ ಬಂದ ಮೇಲೆ ಒಂದೇ ಒಂದು ಬಾಟಲಿ ನಮಗೆ ಬಂದಿದ್ದರೆ ಸಾಕಾಗಿತ್ತು.

ಫಯಾಜ್ ಆ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಅವನು ಕಂಡ ಮೊದಲ ಮುರಿದ ಹಲ್ಲು ಅದು. ಮೇಜಿನ ಮೇಲಿಟ್ಟು ಹೊರಗೆ ಹೋದ. ನಾವು ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಕುಳಿತಿದ್ದ.

‘ಲೇ ಫಯಾಜು, ನೀನು ಅವತ್ತೇ ಹೇಳ್ದಲ್ಲಪ್ಪಾ ನಂಬ್ಬೇಡಿ ಅಂತ’ ಎಂದು ಮುನಿವೆಂಕಟಪ್ಪ ಪಕ್ಕದಲ್ಲಿ ಕುಳಿತರು.

‘ಅರ್ಧ ಹೇಳ್ದೆ ಸುಬೇದಾರ್ ಸಾಬ್. ಗಾಡಿ ಇದ್ದಲ್ಲೇ ಇರುತ್ತೆ ಅಂತ ಅಂದ್ಕೊಂಡ್ಬಿಟ್ಟೆ. ಗಾಡಿ ಇದ್ದಲ್ಲೇ ಇರೋದಾದ್ರೆ ಅದಕ್ಕೆ ಗಾಡಿ ಅಂತ ಯಾಕೆ ಅಂತಾರೆ?’

ಒಳಗೆ ಫೋನ್ ಬಡಿದುಕೊಳ್ಳುತ್ತಿತ್ತು, ಯಾರೂ ಏಳಲಿಲ್ಲ.

ನಮ್ಮ ಅಭಿಪ್ರಾಯವನ್ನು ವಿಚಾರಣೆ ಒಪ್ಪಿತು. ಡ್ರೈವರನ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಲ್ಯಾಬಿನ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿದಂತೆ. ಮುನಿವೆಂಕಟಪ್ಪನವರಿಗೆ ಮುಗಿಯಲಿಲ್ಲ. ‘ಆ ಹುಡ್ಗನಿಗೆ ಯಾರೋ ಬರ್ಕೊಡೋ ಎರಡು ಸಾಲು ಸಾಲಲ್ಲಮ್ಮ. ಹಲ್ಲನ್ನ ಕಣ್ಣಲ್ಲಿ ನೋಡಿದೋರು ಹೋಗಿ ಎದುರಿಗೆ ಹೇಳ್ಬೇಕು’ ಅಂದರು. ಜಯಪ್ರಕಾಶ್ ಅವರು ಅಡ್ಡಿ ಹೇಳಲಿಲ್ಲ. ಒಂದು ಭಾನುವಾರ ಬೆಳಗಿನ ರೈಲಿಗೆ ನಾವಿಬ್ಬರೂ ಟೇಕಲ್ಲಿನಲ್ಲಿ ಇಳಿದೆವು.

ಬಂಡೆಗಳ ಬೆಟ್ಟದ ಕಡೆಗೆ ಮುಖ ಮಾಡಿದ ಮನೆ. ಮಂಜುನಾಥ ಜಗಲಿಯ ಮೇಲೆ ಕುಳಿತು ಎಡಗೈಯಲ್ಲಿ ಹುರಳಿಕಾಯಿ ಆರಿಸುತ್ತಿದ್ದ. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ವಸ್ತುವಿನಂತೆ ಬಿದ್ದಿತ್ತು. ಸುಬೇದಾರ್ ಎಂದು ತಿಳಿದ ಕೂಡಲೇ ಎದ್ದು ನಿಂತ. ಅಭ್ಯಾಸಬಲದಿಂದ ಸೆಲ್ಯೂಟಿಗೆ ಹೆಗಲು ಅಲುಗಿತು, ಕೈ ಏಳಲಿಲ್ಲ. ಅವನ ಹೆಂಡತಿ ಶಿಲ್ಪ ಚಾಪೆ ಹಾಸಿ, ಮಜ್ಜಿಗೆ ತಂದಿಟ್ಟು ಬಾಗಿಲ ಬಳಿ ನಿಂತಳು.

ನಾನು ಹಲ್ಲಿನ ವಿಷಯ ಹೇಳಿದೆ. ಕಪ್ಪು ಎಲ್ಲಿತ್ತು, ಬಿಳುಪು ಎಲ್ಲಿತ್ತು, ಅದರ ಅರ್ಥವೇನು ಎಂದೆಲ್ಲ ವಿವರಿಸಿದೆ. ಅವನು ನೆಲ ನೋಡುತ್ತ ಕೇಳಿಸಿಕೊಂಡ.

‘ನಾನು ಮೊದ್ಲಿಂದ ಅದೇ ಹೇಳ್ದೆ ಮೇಡಂ. ತಿರುಗಿಸ್ದೆ, ತಿರುಗ್ಲಿಲ್ಲ ಅಂತ. ಅವ್ರು ಕೇಳ್ತಾನೇ ಇದ್ರು, ಸರಿಯಾಗ್ ನೆನಪು ಮಾಡ್ಕೊ, ಕಣ್ಣು ಮುಚ್ಚಿತ್ತಾ ಅಂತ. ಕೇಳಿ ಕೇಳಿ ನಂಗೇ ಡೌಟು ಬಂತು. ಮುಚ್ಚಿತ್ತೇನೋ ಅಂತ ನಾನೂ ಅಂದ್ಕೊಂಡ್ಬಿಟ್ಟಿದ್ದೆ.’

‘ಮುಚ್ಚಿರ್ಲಿಲ್ಲ ಕಣಯ್ಯಾ’ ಅಂದರು ಮುನಿವೆಂಕಟಪ್ಪ. ‘ನೀನು ಸರಿಯಾಗೇ ತಿರುಗಿಸಿದ್ದೆ.’

ಅವನು ನಿಟ್ಟುಸಿರು ಬಿಡುತ್ತಾನೆ, ಅಳುತ್ತಾನೆ ಎಂದು ನಾನು ಕಾದೆ. ಅವನು ತಲೆಯೆತ್ತಿ ನನ್ನನ್ನು ಕೇಳಿದ:

‘ಇದು ಮುಂಚೇನೇ ಗೊತ್ತಾಗೋ ಅಂಥದ್ದಾ?’

ಶ್ರೀಕಂಠಯ್ಯನವರ ಹತ್ತಿರ ಪಳಗಿದವಳು ನಾನು. ಬಹುಶಃ ಎನ್ನಲಿಲ್ಲ. ‘ಹೌದು’ ಅಂದೆ.

‘ಮತ್ತೆ?’

ಬಯಲು, ಬೆಟ್ಟ, ಗಡುವು ಎಂದು ಹೇಳತೊಡಗಿದೆ. ನನಗೇ ನನ್ನ ಮಾತು ಯಾವುದೋ ಕಚೇರಿಯ ಮಾತಿನಂತೆ ಕೇಳಿಸಿತು. ಅವನು ಎಡಗೈ ಎತ್ತಿ ಸಾಕು ಎಂಬಂತೆ ತಡೆದ. ಕೋಪದಿಂದಲ್ಲ.

‘ನನ್ನ ತಪ್ಪು ಅಂತ ಇದ್ದಾಗ, ರೆಡ್ಡೆಪ್ಪ ನನ್ನಿಂದ ಹೋದ ಅಂತ ಒಂದು ಲೆಕ್ಕ ಇತ್ತು ಮೇಡಂ. ಬೆಳಗೆದ್ದು ನನ್ನನ್ನ ನಾನೇ ಬೈಕೊಳ್ತಿದ್ದೆ. ಈಗ ನೀವು ಬಂದು, ಯಾರ ತಪ್ಪೂ ಇಲ್ದೆ ಹೋದ ಅಂತೀರ. ಅದನ್ನ ಇಟ್ಕೊಂಡು ನಾನೇನ್ ಮಾಡ್ಲಿ?’

ಶಿಲ್ಪ ಬಾಗಿಲಿನಿಂದ ಸರಿದು ಒಳಗೆ ಹೋದಳು.

ಆಗ ಅವನಿಗೆ ಫೋನ್ ಬಂತು. ಹೆಸರು ನೋಡಿ, ‘ರೆಡ್ಡೆಪ್ಪನ ತಾಯಿ, ಗಂಗುಲಮ್ಮ. ದಿನಾ ಮಾಡ್ತಾರೆ’ ಎಂದು ಹುರಳಿಕಾಯಿಯ ಮೊರದ ಪಕ್ಕದಲ್ಲಿಟ್ಟು ಸ್ಪೀಕರ್ ಒತ್ತಿದ. ಮುಳಬಾಗಿಲು ದಾಟಿ, ನಂಗಲಿ ಆಚೆಗೆ ಆಂಧ್ರದ ಒಂದು ಹಳ್ಳಿ ಅವರದು. ದಪ್ಪ ಧ್ವನಿಯಲ್ಲಿ ತೆಲುಗು ಕೇಳಿಸಿತು.

‘ಏಮಿರಾ, ನಿದ್ರ ಲೇಚಿನಾವಾ?’

ನಿದ್ದೆಯಿಂದ ಎದ್ದೆಯೇನೋ ಎಂದು. ಅವನು ತೂಕಡಿಸಿ ಮಗನನ್ನು ಕೊಂದನೆಂದು ಆಕೆ ನಂಬಿದ್ದರು. ಪ್ರತಿದಿನ ಫೋನ್ ಮಾಡಿ ಇದೇ ಮಾತಿನಿಂದ ಶುರು ಮಾಡುತ್ತಿದ್ದರಂತೆ. ಮಗನಿಗೆ ಇಷ್ಟವಾದದ್ದು, ಮಗ ಮುಂದಿನ ರಜೆಗೆ ಬಂದು ಮಾಡಬೇಕೆಂದಿದ್ದದ್ದು, ಎಲ್ಲ ಹೇಳುತ್ತ, ನಡುನಡುವೆ ಬೈಯುತ್ತ, ಸಾಕಾದ ಮೇಲೆ ಇಡುತ್ತಿದ್ದರು. ಮಂಜುನಾಥ ಒಂದು ದಿನವೂ ಫೋನ್ ಎತ್ತದೆ ಬಿಟ್ಟಿರಲಿಲ್ಲ.

‘ವಿಚಾರಣೆ ಮುಗೀತು ಅಂತ ಹೇಳ್ಲಿಲ್ವಾ?’ ಎಂದು ಮೆಲ್ಲಗೆ ಕೇಳಿದೆ.

‘ನಾನೇ ಹೇಳಿದ್ರೆ ನಂಬ್ತಾರಾ ಮೇಡಂ? ನಿಮಗೆ ತೆಲುಗು ಬಂದ್ರೆ, ನೀವೇ ಹೇಳಿ.’

ಫೋನ್ ಕೈಗೆ ತೆಗೆದುಕೊಂಡು ನಾನು ಯಾರೆಂದು ಹೇಳಿದೆ. ಶ್ರೀನಿವಾಸಪುರದಲ್ಲಿ ಅರ್ಧ ಬದುಕು ತೆಲುಗಿನಲ್ಲೇ ನಡೆಯುತ್ತದೆ, ಆದರೂ ಅಂದು ಒಂದೊಂದು ಪದಕ್ಕೂ ತಡವರಿಸಿದೆ. ಈ ಹುಡುಗ ನಿದ್ದೆ ಮಾಡಿರಲಿಲ್ಲ, ಬಂಡಿಯ ಒಳಗಿನ ಹಲ್ಲು ಮುರಿದಿತ್ತು, ನಾನೇ ಕಣ್ಣಾರೆ ನೋಡಿದೆ ಎಂದೆ. ಆ ಕಡೆ ಎಲ್ಲೋ ಕೋಳಿ ಕೂಗಿದ್ದು ಕೇಳಿಸಿತು. ಫೋನ್ ಇಟ್ಟುಬಿಟ್ಟರೇನೋ ಎಂದುಕೊಳ್ಳುವಷ್ಟರಲ್ಲಿ ಕೇಳಿದರು:

‘ಅಟ್ಲಾಂಟಿ ಬಂಡ್ಲು ಇಂಕಾ ತಿರುಗುತಾನೇ ಉಂಡಾಯಾ ಅಮ್ಮಾ?’

ಅಂಥ ಗಾಡಿಗಳು ಇನ್ನೂ ಓಡುತ್ತಲೇ ಇವೆಯಾ ಎಂದು.

ವಿಚಾರಣೆಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಲ್ಯಾಬಿನಲ್ಲೂ ಯಾರೂ ಕೇಳಿರಲಿಲ್ಲ. ಒಂದು ಬಾಕ್ಸ್ ಬಂತು, ತೆರೆದೆವು, ಬರೆದು ಕಳಿಸಿದೆವು. ‘ತೆಲೀದಮ್ಮಾ’ ಅಂದೆ. ಗೊತ್ತಿಲ್ಲ ಎಂಬುದಷ್ಟೇ ಆಗ ನನ್ನಲ್ಲಿದ್ದ ನಿಜ.

ಮಾರನೆಯ ಬೆಳಿಗ್ಗೆ ಫಯಾಜನಿಗೆ ಆ ಪ್ರಶ್ನೆ ಹೇಳಿದೆ. ಅವನು ಟೀ ಲೋಟ ಹಾಗೇ ಬಿಟ್ಟು ಕಂಪ್ಯೂಟರಿನ ಮುಂದೆ ಕುಳಿತ. ಬಯಲಿನ ಗಡುವು ಹೊತ್ತು ಬೆಟ್ಟಕ್ಕೆ ಹೋದ ಲಾರಿಗಳು ಒಂದೇ ತುಕಡಿಯಲ್ಲಿ ಇರಲಿಲ್ಲ. ಹುಡುಕುತ್ತ ಹೋದಂತೆ ಬೇರೆ ಬೇರೆ ಕಡೆ ಚೆದುರಿದ್ದವು. ಕೆಲವು ಎಲ್ಲಿವೆ ಎಂಬುದೇ ತಿಳಿಯಲಿಲ್ಲ. ಎಲ್ಲವಕ್ಕೂ ‘ನಿಲ್ಲಿಸಿ’ ಎಂದು ಕಳಿಸಬೇಕೆಂದು, ಮುನಿವೆಂಕಟಪ್ಪನವರನ್ನೂ ಕರೆದುಕೊಂಡು ಮೂವರೂ ಜಯಪ್ರಕಾಶ್ ಅವರ ಕೋಣೆಗೆ ಹೋದೆವು.

ಅವರು ಬಹಳ ಹೊತ್ತು ತಲೆಯ ಮೇಲೆ ಕೈಹೊತ್ತು ಕುಳಿತರು. ‘ಬಾಟಲಿ ತರಿಸಿ ನೋಡಿ ಆಮೇಲೆ ಹೇಳೋಣ ಅಂದ್ರೆ?’

‘ಬಾಟಲಿ ಇಲ್ಲಿಗೆ ಬರೋವರ್ಗೂ ಅವು ಓಡ್ತಾನೇ ಇರ್ತಾವೆ ಸಾರ್’ ಅಂದ ಫಯಾಜ್.

‘ನಿಲ್ಲಿಸಿದ್ರೆ ಅಲ್ಲಿ ಹೆಗಲ ಮೇಲೆ ಹೊರ್ತಾರೆ. ಹಿಂದೆ ಒಬ್ಬನ ಕಾಲ್ಬೆರಳು ಹೋಗಿತ್ತಂತಲ್ಲ, ನೀವೇ ಹೇಳಿದ್ರಿ ಪದ್ಮಾವತಿ. ಬಿಚ್ಚಿ ನೋಡಿ ಒಳಗೆ ಏನೂ ಇಲ್ದಿದ್ರೆ?’

ಅವರ ಪ್ರಶ್ನೆ ತಪ್ಪಲ್ಲ. ಈ ಕೆಲಸದಲ್ಲಿ ಅದಕ್ಕಿಂತ ಕಷ್ಟದ ಪ್ರಶ್ನೆಯಿಲ್ಲ. ‘ಏನೂ ಇಲ್ದಿದ್ರೆ ಬೈಸ್ಕೊಳ್ಳೋಣ ಸಾರ್’ ಅಂದೆ. ಬೇರೆ ಮಾತು ನನಗೆ ತೋಚಲಿಲ್ಲ. ಅವರು ಕಿಟಕಿಯ ಕಡೆ ನೋಡಿ, ನಮ್ಮ ಮೂವರ ಮುಖ ನೋಡಿ, ಸಹಿ ಹಾಕಿದರು. ಇನ್ನು ಮುಂದೆ ಲಾರಿ ಜಾಗ ಬದಲಿಸಿದ ದಿನವೇ ಗಡುವನ್ನು ಹೊಸದಾಗಿ ಎಣಿಸಬೇಕೆಂಬ ನಿಯಮವೂ ಅಂದೇ ಆಯಿತು. ಈಗ ಸೇರುವವರಿಗೆ ಅದು ಮೊದಲಿನಿಂದಲೂ ಇದ್ದ ನಿಯಮದಂತೆ ಕಾಣುತ್ತದೆ.

ತುಕಡಿಗಳಿಂದ ಬೈಗುಳ ಬರತೊಡಗಿದವು. ಬಂದ ಬಾಕ್ಸುಗಳನ್ನು ಒಂದೊಂದಾಗಿ ತೆರೆದೆವು. ಹಲ್ಲುಗಳು ಚೆನ್ನಾಗಿದ್ದವು. ಮತ್ತೊಂದು, ಅದೂ ಚೆನ್ನಾಗಿತ್ತು. ನನ್ನ ನಿವೃತ್ತಿ ಹತ್ತಿರ ಬರುತ್ತಿತ್ತು. ಮುದುಕಿಗೆ ಭಯ ಹತ್ತಿದೆ ಎಂದು ಲ್ಯಾಬಿನಲ್ಲೇ ಕೆಲವರು ಆಡಿಕೊಂಡದ್ದು ಕಿವಿಗೆ ಬಿತ್ತು. ಮುನಿವೆಂಕಟಪ್ಪ ಮಾತ್ರ ಪ್ರತಿ ಬಾಕ್ಸನ್ನೂ ಮೊದಲನೆಯದೆಂಬಂತೆ ತೆರೆಯುತ್ತಿದ್ದರು.

ಆ ನಡುವೆ ಮಂಜುನಾಥ ಒಮ್ಮೆ ಫೋನ್ ಮಾಡಿದ. ಮಾಲೂರಿನಲ್ಲಿ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿದೆ ಎಂದ. ಗಂಗುಲಮ್ಮನವರು ಹೇಗಿದ್ದಾರೆ ಎಂದು ಕೇಳಿದೆ.

‘ಅವ್ರು ಈಗ ಫೋನ್ ಮಾಡಲ್ಲ ಮೇಡಂ. ನಾನ್ ಮಾಡಿದ್ರೆ, ಚೆನ್ನಾಗಿದೀಯಾ ನಾಯನಾ ಅಂತಾರೆ, ಇಟ್ಬಿಡ್ತಾರೆ. ಬೈಯೋಕೆ ಏನೂ ಉಳ್ದಿಲ್ವಲ್ಲ.’ ಮತ್ತೆ ಹೇಳಿದ: ‘ಬೈಯುವಾಗ ಅವನ ಬಗ್ಗೆ ಎಷ್ಟೊಂದು ಹೇಳೋರು.’

ನಿಜ ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಅದರಿಂದ ಯಾರಿಗೂ ನೆಮ್ಮದಿ ಸಿಗಲಿಲ್ಲ ಎಂಬುದನ್ನೂ ನೀವು ತಿಳಿದಿರಬೇಕು.

ನಾನು ಕೆಲಸ ಬಿಡುವ ಮುನ್ನ ಒಂದು ಮಧ್ಯಾಹ್ನ ಇನ್ನೊಂದು ಪೆಟ್ಟಿಗೆ ಬಂತು. ಜೊತೆಯಲ್ಲಿ ತುಕಡಿಯ ಸಿಡುಕಿನ ಮಾತೂ ಇತ್ತು. ಚೆನ್ನಾಗಿ ಓಡುತ್ತಿದ್ದ ಲಾರಿಯನ್ನು ಕಾರಣವಿಲ್ಲದೆ ನಿಲ್ಲಿಸಿದ್ದೀರಿ, ಡ್ರೈವರನ ದೂರು ಏನೂ ಇರಲಿಲ್ಲ, ಇಂಥ ಅನವಶ್ಯಕ ಸೂಚನೆ ಇನ್ನು ಮುಂದೆ ಬೇಡ ಎಂದು. ಮುನಿವೆಂಕಟಪ್ಪ ಮುಚ್ಚಳ ತೆಗೆದರು. ಹಲ್ಲುಗಳು ಸಾಲಾಗಿ ನೆಟ್ಟಗಿದ್ದವು. ಫಯಾಜ್ ದೀಪ ಹತ್ತಿರ ಹಿಡಿದ. ಒಂದು ಹಲ್ಲಿನ ಬುಡದಲ್ಲಿ ಪೆನ್ಸಿಲಿನಿಂದ ಎಳೆದಂಥ ಸಣ್ಣ ಕಪ್ಪು ಗೆರೆ.

ಮುನಿವೆಂಕಟಪ್ಪ ಸ್ಕ್ರೂಡ್ರೈವರಿನ ತುದಿಯಿಂದ ಅದನ್ನು ಮುಟ್ಟಿದರು. ಒತ್ತಲೂ ಇಲ್ಲ. ಹಲ್ಲು ಕಳಚಿ ತಟ್ಟೆಗೆ ಬಿತ್ತು.

ಫಯಾಜ್ ಕಣ್ಣೊರೆಸಿಕೊಂಡು ಆ ಲಾರಿಯ ಸಂಖ್ಯೆ ಬರೆದುಕೊಂಡ. ಅದನ್ನು ಓಡಿಸುತ್ತಿದ್ದವನು ಯಾರೋ ನಮಗೆ ತಿಳಿಯಲಿಲ್ಲ, ಕೇಳಿ ತಿಳಿದುಕೊಳ್ಳಲೂ ಇಲ್ಲ. ಅವನು ಈಗಲೂ ಯಾವುದೋ ಘಟ್ಟದ ರಸ್ತೆಯಲ್ಲಿ, ಒಂದು ಸಲ ಸುಮ್ಮಸುಮ್ಮನೆ ತನ್ನ ಲಾರಿ ನಿಲ್ಲಿಸಿ ಸತಾಯಿಸಿದವರನ್ನು ಜೊತೆಗಾರನ ಹತ್ತಿರ ಬೈಯುತ್ತ ಹೋಗುತ್ತಿರಬೇಕು.